ಮೈಲುತುತ್ತ, ಮೋಟು ಪೆನ್ಸಿಲ್, ಎರಡು ಸೆಲ್ಲು

ಈ ಬಾರಿ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯವನ್ನು ಕುರಿತಿದ್ದವು. ದ್ರಾವಣದ ಮೂಲಕ ವಿದ್ಯುತ್ ಹಾಯಿಸಿ ಅದರಲ್ಲಿರುವ ವಸ್ತುವನ್ನು ಬೇರ್ಪಡಿಸುವ ವಿದ್ಯುದ್ವಿಭಜನೆ, ಮತ್ತು ಅದರಿಂದ ಅರ್ಥವಾಗಬೇಕಾದ ಉತ್ಕರ್ಷಣ, ಅಪಕರ್ಷಣಗಳೇ ಆ ವಿಷಯ. ವಸ್ತುವೊಂದು ಇಲೆಕ್ಟ್ರಾನ್ ಬಿಟ್ಟುಕೊಡುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ, ಎರಡೂ ಸೇರಿ ನಡೆಯುವುದೇ ರೆಡಾಕ್ಸ್ ಕ್ರಿಯೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲದ ಪುಟಗಳನ್ನು ಪೂರ್ತಿಯಾಗಿ ಇವಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೆಯ ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ. ನೀರಿನ ವಿದ್ಯುದ್ವಿಭಜನೆಯನ್ನು ತೋರಿಸುವ ಗಾಜಿನ ಉಪಕರಣ ನಮ್ಮಲ್ಲಿ ಒಂದೇ ಇತ್ತು. ಅದೂ ಈಗ ಒಡೆದಿದೆ. ಇದ್ದಾಗಲೂ ಮುಂದಿನ ಬೆಂಚಿನವರಿಗಷ್ಟೇ ಗುಳ್ಳೆಗಳು ಕಾಣುತ್ತಿದ್ದವು. ಇಬ್ಬಿಬ್ಬರು ಮಕ್ಕಳು ಸೇರಿ ತಾವೇ ಮಾಡಬಹುದಾದ, ಖರ್ಚಿಲ್ಲದ, ರೆಡಾಕ್ಸ್ ಕ್ರಿಯೆ ಕಣ್ಣಿಗೆ ಕಾಣುವಂಥ ಪ್ರಯೋಗವನ್ನು ತಿಳಿಸುವಿರಾ? ಒಮ್ಮೆ 9 ವೋಲ್ಟಿನ ಬ್ಯಾಟರಿಯಿಂದ ಮೈಲುತುತ್ತದ ದ್ರಾವಣದಲ್ಲಿ ಪ್ರಯತ್ನಿಸಿದೆ. ತಾಮ್ರದ ಬದಲು ಕಪ್ಪು ಪುಡಿ ಬಂತು, ನೀಲಿ ಬಣ್ಣವೂ ಪುಸ್ತಕದಲ್ಲಿ ಹೇಳಿದಂತೆ ಮಾಸಲಿಲ್ಲ.

ಉತ್ತರ: ನೀವು ಆರಿಸಿಕೊಂಡ ದ್ರಾವಣ ಸರಿಯಾದದ್ದೇ, ಪ್ರಯೋಗ ಕೆಟ್ಟದ್ದು ಬ್ಯಾಟರಿಯಿಂದ. ರೆಡಾಕ್ಸ್ ಕಲಿಸುವುದಕ್ಕೆ ನೀರಿನ ವಿದ್ಯುದ್ವಿಭಜನೆಗಿಂತ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ವಿದ್ಯುದ್ವಿಭಜನೆಯೇ ಹೆಚ್ಚು ಅನುಕೂಲವೆಂದು ನಾನು ಭಾವಿಸುತ್ತೇನೆ. ನೀರಿನಲ್ಲಿ ಎರಡೂ ಕಡೆ ಬಣ್ಣವಿಲ್ಲದ ಗುಳ್ಳೆಗಳೇ ಏಳುವುದರಿಂದ ಯಾವುದು ಯಾವ ಅನಿಲವೆಂಬುದನ್ನು ಮಕ್ಕಳು ನಿಮ್ಮ ಮಾತಿನ ಮೇಲೆ ನಂಬಬೇಕಾಗುತ್ತದೆ. ಮೈಲುತುತ್ತದಲ್ಲಾದರೆ ಒಂದು ಕಡೆ ಕೆಂಪು ಲೋಹ ಕೂರುತ್ತದೆ, ಇನ್ನೊಂದು ಕಡೆ ಗುಳ್ಳೆ ಏಳುತ್ತದೆ. ಮಲೆನಾಡಿನಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಅಡಿಕೆ ತೋಟವಿರುವ ಮನೆಗಳಲ್ಲಿ ಮಳೆಗಾಲದ ಔಷಧಿಗೆಂದು ತಂದು ಮಿಕ್ಕ ಮೈಲುತುತ್ತ ಅಟ್ಟದ ಮೇಲೋ ಕೊಟ್ಟಿಗೆಯ ಮೂಲೆಯಲ್ಲೋ ಸಾಮಾನ್ಯವಾಗಿ ಇದ್ದೇ ಇರುತ್ತದೆ.

100 ಮಿ.ಲೀ. ನೀರಿನಲ್ಲಿ 10 ಗ್ರಾಂ ಮೈಲುತುತ್ತವನ್ನು ಕರಗಿಸಿ, ಬಟ್ಟೆಯಲ್ಲಿ ಸೋಸಿಕೊಂಡರೆ ಇಡೀ ತರಗತಿಗೆ ಸಾಕಾಗುತ್ತದೆ. ಪಾತ್ರೆಯ ಬದಲಿಗೆ ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವನ್ನು ಬಳಸಿ. ಒಂದು ಮುಚ್ಚಳಕ್ಕೆ ಸುಮಾರು 5 ಮಿ.ಲೀ. ದ್ರಾವಣ ಹಿಡಿಯುತ್ತದೆ, ಇಪ್ಪತ್ತು ಜೋಡಿಗಳಿಗೆ ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ. ವಿದ್ಯುದಗ್ರಗಳಾಗಿ, ಬರೆದು ಬರೆದು ಮೋಟಾದ ಎರಡು ಮರದ ಪೆನ್ಸಿಲುಗಳನ್ನು ಎರಡೂ ತುದಿಗೆ ಕೆತ್ತಿಕೊಳ್ಳಬೇಕು. ಅದರೊಳಗಿನ ಕಡ್ಡಿಯನ್ನು ನಾವು ಸೀಸವೆಂದು ಕರೆದರೂ ಅದರಲ್ಲಿ ಸೀಸವಿಲ್ಲ, ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. 2ಬಿ, 4ಬಿ ಎಂದು ಗುರುತು ಹಾಕಿದ ಮೆತ್ತನೆಯ ಪೆನ್ಸಿಲುಗಳಲ್ಲಿ ಗ್ರಾಫೈಟಿನ ಪಾಲು ಹೆಚ್ಚಿರುವುದರಿಂದ ಅವುಗಳಲ್ಲಿ ವಿದ್ಯುತ್ ಇನ್ನಷ್ಟು ಸಲೀಸಾಗಿ ಹರಿಯುತ್ತದೆ. ರಟ್ಟಿನ ತುಂಡೊಂದಕ್ಕೆ ಒಂದು ಸೆಂಟಿಮೀಟರ್ ಅಂತರದಲ್ಲಿ ಎರಡು ತೂತು ಮಾಡಿ ಪೆನ್ಸಿಲುಗಳನ್ನು ಅದರಲ್ಲಿ ತೂರಿಸಿ ನಿಲ್ಲಿಸಿದರೆ ಕೆಳಗಿನ ಮೊನೆಗಳು ಒಂದಕ್ಕೊಂದು ತಾಗುವುದಿಲ್ಲ. ವಿದ್ಯುತ್ತಿಗೆ 1.5 ವೋಲ್ಟಿನ ಎರಡು ಪೆನ್ಸಿಲ್ ಸೆಲ್ಲುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ. 3 ವೋಲ್ಟಿಗಿಂತ ಹೆಚ್ಚು ಬೇಡವೇ ಬೇಡ.

ತಂತಿಗಳನ್ನು ಪೆನ್ಸಿಲಿನ ಮೇಲಿನ ಮೊನೆಗಳಿಗೆ ಜೋಡಿಸಿದ ಒಂದೆರಡು ನಿಮಿಷಗಳಲ್ಲಿ, ಸೆಲ್ಲಿನ ಋಣ ತುದಿಗೆ ಸೇರಿದ ಪೆನ್ಸಿಲಿನ ಕಪ್ಪು ಮೊನೆಯ ಮೇಲೆ, ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೆಂಬಿನ ಬಣ್ಣ ಹಬ್ಬತೊಡಗುತ್ತದೆ. ಧನ ತುದಿಗೆ ಸೇರಿದ ಪೆನ್ಸಿಲಿನ ಮೈಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡು, ದೊಡ್ಡದಾಗಿ, ಒಂದೊಂದಾಗಿ ಬಿಟ್ಟು ಮೇಲೇರುತ್ತವೆ. ಕೆಂಪಾದ ಮೊನೆಯಲ್ಲಿ ದ್ರಾವಣದ ಪ್ರತಿ ತಾಮ್ರದ ಅಯಾನು, ಅಂದರೆ ವಿದ್ಯುತ್ ಆವೇಶ ಹೊತ್ತ ಕಣ, ಎರಡು ಇಲೆಕ್ಟ್ರಾನುಗಳನ್ನು ಪಡೆದು ಲೋಹವಾಗುತ್ತದೆ, ಇದು ಅಪಕರ್ಷಣ. ಗುಳ್ಳೆ ಏಳುವ ಮೊನೆಯಲ್ಲಿ ನೀರು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಆಮ್ಲಜನಕವಾಗಿ ಹೊರಬರುತ್ತದೆ, ಹೈಡ್ರೋಜನ್ ಅಯಾನುಗಳು ದ್ರಾವಣದಲ್ಲೇ ಉಳಿಯುತ್ತವೆ, ಇದು ಉತ್ಕರ್ಷಣ. ಸಲ್ಫೇಟ್ ಏಕೆ ಇಲೆಕ್ಟ್ರಾನ್ ಕೊಡುವುದಿಲ್ಲ ಎಂದು ಯಾರಾದರೂ ಚುರುಕು ಮಗು ಕೇಳಿದರೆ, ಅದರಲ್ಲಿರುವ ಗಂಧಕ ತನ್ನ ಪಾಲಿನದನ್ನೆಲ್ಲ ಆಗಲೇ ಬಿಟ್ಟುಕೊಟ್ಟಿರುವುದರಿಂದ ಆ ಕೆಲಸ ನೀರಿನ ಪಾಲಿಗೆ ಬರುತ್ತದೆ ಎಂದು ಹೇಳಬಹುದು.

ಇಷ್ಟಕ್ಕೇ ನಿಲ್ಲಿಸುವವರು ಪ್ರಯೋಗದ ಉತ್ತಮ ಭಾಗವನ್ನೇ ಬಿಟ್ಟಂತೆ. ಐದು ನಿಮಿಷದ ನಂತರ ದ್ರಾವಣವನ್ನು ಮುಟ್ಟದೆ, ಸೆಲ್ಲಿನ ಹತ್ತಿರ ತಂತಿಗಳನ್ನು ಮಾತ್ರ ಅದಲು ಬದಲು ಮಾಡಿಸಿ. ಈಗ ತಾಮ್ರ ಹತ್ತಿದ್ದ ಪೆನ್ಸಿಲ್ ಧನ ತುದಿಗೆ ಸೇರಿರುತ್ತದೆ. ಅದರ ಮೇಲೆ ತಕ್ಷಣ ಗುಳ್ಳೆ ಬರುವುದಿಲ್ಲ. ಬದಲಿಗೆ ಕೆಂಪು ಬಣ್ಣ ಮೊನೆಯಿಂದ ಮೆಲ್ಲನೆ ಸವೆಯುತ್ತ ಹೋಗುತ್ತದೆ, ಇನ್ನೊಂದು ಪೆನ್ಸಿಲ್ ಕೆಂಪಾಗತೊಡಗುತ್ತದೆ. ನೀರಿಗಿಂತ ತಾಮ್ರಕ್ಕೆ ಇಲೆಕ್ಟ್ರಾನ್ ಕೊಡುವುದು ಸುಲಭವಾದ್ದರಿಂದ, ಮೊನೆಯ ಮೇಲೆ ತಾಮ್ರವಿರುವಷ್ಟು ಹೊತ್ತು ನೀರಿನ ಸರದಿ ಬರುವುದೇ ಇಲ್ಲ. ಕೊನೆಯ ಕೆಂಪು ಚುಕ್ಕೆ ಕರಗಿ ಗ್ರಾಫೈಟಿನ ಕಪ್ಪು ಮೈ ಮತ್ತೆ ಕಂಡಾಗ, ಆಗ ಮಾತ್ರ ಗುಳ್ಳೆಗಳು ಶುರುವಾಗುತ್ತವೆ. ಆ ಕ್ಷಣವನ್ನು ಹಿಡಿಯಲು ಮಕ್ಕಳಿಗೆ ಹೇಳಿ, ಗಡಿಯಾರದಲ್ಲಿ ಗುರುತು ಹಾಕಿಕೊಳ್ಳಲಿ. ತಾಮ್ರ ಕರಗಲು ಹಿಡಿಯುವ ಹೊತ್ತು ಕೂರಲು ಹಿಡಿದ ಹೊತ್ತಿಗಿಂತ ಕಡಿಮೆ ಬರುವುದು ಸಹಜ, ನೀರಿನಿಂದ ಇಲೆಕ್ಟ್ರಾನ್ ಕೀಳುವ ಶ್ರಮ ಆಗ ಸೆಲ್ಲಿಗಿಲ್ಲದೆ ವಿದ್ಯುತ್ ಹೆಚ್ಚು ಹರಿಯುತ್ತದೆ. ತೀರಾ ಕಡಿಮೆ ಬಂದರೆ ತಾಮ್ರದ ಚಕ್ಕೆ ಕಳಚಿ ಮುಚ್ಚಳದ ತಳಕ್ಕೆ ಬಿದ್ದಿರಲೂಬಹುದು, ಹುಡುಕಿ ನೋಡಿ.

ನಿಮ್ಮ ಕಪ್ಪು ಪುಡಿಯ ವಿಷಯಕ್ಕೆ ಬರುತ್ತೇನೆ. ಅದು ಬಹುಮಟ್ಟಿಗೆ ತಾಮ್ರವೇ. ಗ್ರಾಫೈಟ್ ಮೊನೆಗಳ ನಡುವೆ ತಾಮ್ರದ ಸಲ್ಫೇಟನ್ನು ವಿಭಜಿಸಲು ತಾತ್ತ್ವಿಕವಾಗಿ ಬೇಕಾಗುವುದು 0.9 ವೋಲ್ಟಿನಷ್ಟು, ಗುಳ್ಳೆ ಬಿಡಿಸುವ ಅಡೆತಡೆ, ಕಡ್ಡಿಯ ರೋಧ ಎಲ್ಲವನ್ನೂ ಸೇರಿಸಿದರೂ 3 ವೋಲ್ಟ್ ಧಾರಾಳವಾಯಿತು. 9 ವೋಲ್ಟ್ ಕೊಟ್ಟರೆ ಮೊನೆಯ ಸುತ್ತಲಿನ ತಾಮ್ರದ ಅಯಾನುಗಳು ಕ್ಷಣದಲ್ಲಿ ಮುಗಿದು, ದೂರದ ಅಯಾನುಗಳು ಬಂದು ಸೇರುವಷ್ಟರಲ್ಲಿ ನೀರೇ ಇಲೆಕ್ಟ್ರಾನ್ ಪಡೆದು ಹೈಡ್ರೋಜನ್ ಆಗಿ ನುಗ್ಗುತ್ತದೆ, ಆ ಗುಳ್ಳೆಗಳ ನಡುವೆ ಅವಸರದಲ್ಲಿ ಕೂತ ತಾಮ್ರ ಪದರವಾಗದೆ ಸ್ಪಂಜಿನಂಥ ಪುಡಿಯಾಗಿ ಕಪ್ಪಗೆ ಕಾಣುತ್ತದೆ. ಮುದ್ದೆಗೆ ಹಿಟ್ಟನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುವುದಿಲ್ಲವೇ, ಹಾಗೆ.

ನೀಲಿ ಮಾಸದಿರುವುದಕ್ಕೆ ಕಾರಣ ಲೆಕ್ಕದಲ್ಲಿದೆ, ನಿಮ್ಮ ಕೈಯಲ್ಲಿ ತಪ್ಪೇನೂ ಆಗಿಲ್ಲ. 20 ಮಿಲಿಆಂಪಿಯರ್ ವಿದ್ಯುತ್ 10 ನಿಮಿಷ ಹರಿದರೆ ಸಾಗಿದ ಆವೇಶ 12 ಕೂಲಾಂ. ಒಂದು ಮೋಲ್ (ಕಣಗಳನ್ನು ಎಣಿಸಲು ರಸಾಯನಶಾಸ್ತ್ರ ಬಳಸುವ ಅಳತೆ) ಇಲೆಕ್ಟ್ರಾನುಗಳ ಆವೇಶ ಸುಮಾರು 96,500 ಕೂಲಾಂ, ತಾಮ್ರದ ಪ್ರತಿ ಅಯಾನಿಗೆ ಎರಡು ಇಲೆಕ್ಟ್ರಾನ್ ಬೇಕು, ತಾಮ್ರದ ಒಂದು ಮೋಲ್ 63.5 ಗ್ರಾಂ. ಭಾಗಿಸಿ ಗುಣಿಸಿದರೆ ಮೊನೆಯ ಮೇಲೆ ಕೂತ ತಾಮ್ರ ಸುಮಾರು 4 ಮಿಲಿಗ್ರಾಂ ಎಂದು ಬರುತ್ತದೆ. ನಮ್ಮ ಮುಚ್ಚಳದ 5 ಮಿ.ಲೀ. ದ್ರಾವಣದಲ್ಲಿ ಅರ್ಧ ಗ್ರಾಂ ಮೈಲುತುತ್ತವಿದ್ದು, ಅದರಲ್ಲಿ ತಾಮ್ರ ಸುಮಾರು 127 ಮಿಲಿಗ್ರಾಂ. ನೂರರಲ್ಲಿ ಮೂರು ಪಾಲು ಕಡಿಮೆಯಾದರೆ ಯಾವ ಕಣ್ಣಿಗೆ ತಿಳಿದೀತು? ಪೂರ್ತಿ ತೆಗೆಯಲು ಐದು ಗಂಟೆಗೂ ಹೆಚ್ಚು ಕಾಲ ಬೇಕು. ಬಣ್ಣ ಮಾಸುವುದನ್ನು ತೋರಿಸಲೇಬೇಕೆಂದಿದ್ದರೆ ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿ, ಪಕ್ಕದಲ್ಲಿ ಹೋಲಿಕೆಗೆ ಇನ್ನೊಂದು ಮುಚ್ಚಳವಿಟ್ಟು, ಊಟದ ಬಿಡುವಿನವರೆಗೆ ಬಿಟ್ಟುಬಿಡಿ. ನನ್ನ ಕೇಳಿದರೆ, ಮಾಸದ ನೀಲಿಯಿಂದ ಹುಟ್ಟುವ ಈ ಲೆಕ್ಕವೇ ಮಾಸಿದ ನೀಲಿಗಿಂತ ಹೆಚ್ಚಿನದನ್ನು ಕಲಿಸುತ್ತದೆ.

ಮೂರು ಎಚ್ಚರಿಕೆಗಳು ಉಳಿದಿವೆ. ತಂತಿಯ ತುದಿಯ ಮೊಸಳೆ ಕ್ಲಿಪ್ಪು ದ್ರಾವಣಕ್ಕೆ ತಾಗಬಾರದು. ಅದು ಕಬ್ಬಿಣದ್ದಾಗಿದ್ದು, ಮಳೆಗಾಲದಲ್ಲಿ ಮೇಲಿನ ಲೇಪ ಹೋಗಿದ್ದರೆ, ಸೆಲ್ಲು ಜೋಡಿಸದಿದ್ದರೂ ಅದರ ಮೇಲೆ ತಾಮ್ರ ಕೂತು ಮಕ್ಕಳನ್ನು ಗೊಂದಲಕ್ಕೆ ಹಾಕುತ್ತದೆ. ಗುಳ್ಳೆಯ ಕಡೆ ಆಮ್ಲ ಉಂಟಾಗುವುದನ್ನು ಲಿಟ್ಮಸ್ ಕಾಗದದಿಂದ ತೋರಿಸಲು ಹೋಗಬೇಡಿ. ಮೈಲುತುತ್ತದ ದ್ರಾವಣವೇ ಮೊದಲಿನಿಂದ ಸ್ವಲ್ಪ ಆಮ್ಲೀಯವಾದ್ದರಿಂದ ನೀಲಿ ಲಿಟ್ಮಸ್ ಎಲ್ಲಿ ಅದ್ದಿದರೂ ಕೆಂಪಾಗುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಇನ್ನು ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ, ಮೀನಿಗಂತೂ ಅತಿ ಸ್ವಲ್ಪವೂ ಮಾರಕ. ಮಕ್ಕಳು ಕೈ ತೊಳೆಯದೆ ಬುತ್ತಿ ಬಿಚ್ಚಬಾರದು, ಉಳಿದ ದ್ರಾವಣ ಶಾಲೆಯ ಹಿಂದಿನ ಹಳ್ಳಕ್ಕೆ ಹೋಗಬಾರದು. ಎಲ್ಲ ಮುಚ್ಚಳಗಳದ್ದನ್ನೂ ಒಂದು ಬಾಟಲಿಗೆ ಸುರಿದು, ಹೆಸರು ಬರೆದು ಬೀಗದ ಕಪಾಟಿನಲ್ಲಿಟ್ಟರೆ ಮುಂದಿನ ವರ್ಷವೂ ಅದೇ ಬರುತ್ತದೆ. ಅದು ಕೆಡುವ ವಸ್ತುವಲ್ಲ.

ಪ್ರಶ್ನೆ: ನಾನು ಸಾಗರದ ಪಿಯುಸಿ ವಿದ್ಯಾರ್ಥಿ. ಶುಷ್ಕ ಕೋಶದಲ್ಲಿ, ಅಂದರೆ ಟಾರ್ಚಿನ ಸೆಲ್ಲಿನಲ್ಲಿ, ಆನೋಡ್ ಋಣ, ವಿದ್ಯುದ್ವಿಭಜನೆಯಲ್ಲಿ ಆನೋಡ್ ಧನ ಎಂದು ಪಾಠದಲ್ಲಿ ಹೇಳಿದರು. ಮನೆಯಲ್ಲಿರುವ ಹಳೆಯ ಕನ್ನಡ ಪುಸ್ತಕವೊಂದರಲ್ಲಿ ಆನೋಡನ್ನು ‘ಧನಾಗ್ರ’ ಎಂದೇ ಕರೆದಿದ್ದಾರೆ. ಯಾವುದನ್ನು ನಂಬಲಿ? ಪರೀಕ್ಷೆಯಲ್ಲಿ ಪ್ರತಿ ಸಲವೂ ತಪ್ಪುತ್ತದೆ.

ಉತ್ತರ: ನಿನ್ನ ಪಾಠ ಸರಿ, ಪುಸ್ತಕ ಅರ್ಧ ಸರಿ. ಆನೋಡನ್ನು ಧನಾಗ್ರವೆಂದು ಕನ್ನಡಿಸಿದವರು ವಿದ್ಯುದ್ವಿಭಜನೆಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆ ಹೆಸರನ್ನು ಸೆಲ್ಲಿಗೆ ಹಚ್ಚಿದ ಕೂಡಲೇ ‘ಋಣವಾದ ಧನಾಗ್ರ’ ಎಂಬ ವಿಚಿತ್ರ ಪದ ಹುಟ್ಟುತ್ತದೆ. ಚಿಹ್ನೆಯನ್ನು ಮರೆತು ಕೆಲಸವನ್ನು ನೋಡು. ಎಲ್ಲಿ ಉತ್ಕರ್ಷಣ ನಡೆಯುತ್ತದೆಯೋ ಅದು ಆನೋಡ್, ಎಲ್ಲಿ ಅಪಕರ್ಷಣ ನಡೆಯುತ್ತದೆಯೋ ಅದು ಕ್ಯಾಥೋಡ್. ಸೆಲ್ಲಿರಲಿ, ಮುಚ್ಚಳದ ದ್ರಾವಣವಿರಲಿ, ಈ ನಿಯಮ ಬದಲಾಗುವುದಿಲ್ಲ.

ಈ ಹೆಸರುಗಳು ಮೈಕೆಲ್ ಫ್ಯಾರಡೆಯ ಕಾಲದವು. ಹೊಸ ಪದಗಳು ಬೇಕಾದಾಗ ಅವರು ಭಾಷಾಜ್ಞಾನಿಯಾಗಿದ್ದ ವಿಲಿಯಂ ಹ್ಯೂವೆಲ್ ಅವರನ್ನು ಕೇಳಿ 1834ರಲ್ಲಿ ಇವನ್ನು ಬಳಕೆಗೆ ತಂದರು. ಗ್ರೀಕಿನಲ್ಲಿ ಆನೋಡ್ ಎಂದರೆ ಏರುವ ದಾರಿ, ಕ್ಯಾಥೋಡ್ ಎಂದರೆ ಇಳಿಯುವ ದಾರಿ. ನಮ್ಮ ಭಾಷೆಯಲ್ಲೂ ಉತ್ಕರ್ಷವೆಂದರೆ ಏಳಿಗೆ, ಅಪಕರ್ಷವೆಂದರೆ ಇಳಿಕೆ. ಏರುವ ದಾರಿಯಲ್ಲಿ ಉತ್ಕರ್ಷ, ಇಳಿಯುವ ದಾರಿಯಲ್ಲಿ ಅಪಕರ್ಷ ಎಂದು ಎರಡು ಭಾಷೆಗಳೂ ಒಂದೇ ಮಾತನ್ನು ಹೇಳುತ್ತವೆ. ಹೀಗೆ ಹೊಂದಿಕೊಂಡದ್ದು ಆಕಸ್ಮಿಕ, ಆದರೆ ನೆನಪಿಗೆ ಒಳ್ಳೆಯ ಊರುಗೋಲು. ಇಲೆಕ್ಟ್ರಾನ್ ಕಳೆದುಕೊಂಡವರಿಗೆ ಏಳಿಗೆಯ ಹೆಸರೇಕೆ ಎಂಬ ಅನುಮಾನ ಬಂದರೆ ಎರಡು ಸಮಾಧಾನಗಳಿವೆ. ಶಾಸ್ತ್ರದ ಪ್ರಕಾರ ಏರುವುದು ಉತ್ಕರ್ಷಣ ಸಂಖ್ಯೆ. ಲೋಹದ ತಾಮ್ರದಲ್ಲಿ ಸೊನ್ನೆಯಿದ್ದದ್ದು ಅಯಾನಿನಲ್ಲಿ ಎರಡಾಗುತ್ತದೆ. ಇನ್ನೊಂದು ಮನೆಯ ಹಿರಿಯರ ಮಾತು: ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ. ಇಲೆಕ್ಟ್ರಾನ್ ಕೊಟ್ಟದ್ದು ಮೇಲೇರಿತು, ಪಡೆದದ್ದು ಕೆಳಗಿಳಿಯಿತು.

ಈಗ ಸೆಲ್ಲಿನಿಂದ ಮುಚ್ಚಳದವರೆಗೆ ತಂತಿಯನ್ನು ಹಿಂಬಾಲಿಸು. ಸೆಲ್ಲಿನೊಳಗೆ ಸತು ಇಲೆಕ್ಟ್ರಾನ್ ಕೊಡುತ್ತದೆ. ಆದ್ದರಿಂದ ಅದು ಅಲ್ಲಿನ ಆನೋಡ್. ಇಲೆಕ್ಟ್ರಾನುಗಳು ಹೊರಡುವ ತುದಿಯಾದ್ದರಿಂದ ಋಣ ಚಿಹ್ನೆ. ಅವೇ ಇಲೆಕ್ಟ್ರಾನುಗಳು ತಂತಿಯಲ್ಲಿ ಬಂದು ಪೆನ್ಸಿಲಿನ ಮೊನೆಯಲ್ಲಿ ತಾಮ್ರಕ್ಕೆ ಸಿಗುತ್ತವೆ. ಪಡೆಯುವ ಕೆಲಸ ನಡೆಯುವುದರಿಂದ ಆ ಮೊನೆ ಕ್ಯಾಥೋಡ್. ಒಂದೇ ತಂತಿಯ ಒಂದು ತುದಿ ಆನೋಡಿನಲ್ಲಿ, ಇನ್ನೊಂದು ತುದಿ ಕ್ಯಾಥೋಡಿನಲ್ಲಿ. ಮೇಲಿನ ಉತ್ತರದ ಲೆಕ್ಕವನ್ನು ಮುಂದುವರಿಸಿದರೆ, ಮೊನೆಯಲ್ಲಿ 4 ಮಿಲಿಗ್ರಾಂ ತಾಮ್ರ ಕೂರುವ ಹೊತ್ತಿಗೆ ಎರಡು ಸೆಲ್ಲುಗಳಲ್ಲಿ ಪ್ರತಿಯೊಂದರ ಒಳಗೂ ಸುಮಾರು 4 ಮಿಲಿಗ್ರಾಂ ಸತು ತನ್ನ ಲೋಹದ ರೂಪವನ್ನು ಕಳೆದುಕೊಂಡಿರುತ್ತದೆ. ನೋಡುವ ಆಸೆಗೆ ಸೆಲ್ಲನ್ನು ಮಾತ್ರ ಒಡೆಯಬೇಡ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ ನಾನು. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ನಾವು ಅದರಲ್ಲಿ ಕತ್ತಿ ಅದ್ದಿ ನೋಡುತ್ತೇವೆ. ಕತ್ತಿ ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಮಗಳು ಶಾಲೆಯಲ್ಲಿ ಬ್ಯಾಟರಿ ಇಟ್ಟು ಮೈಲುತುತ್ತದಿಂದ ತಾಮ್ರ ತೆಗೆದೆವೆಂದು ಹೇಳಿದಳು. ಕತ್ತಿಗೆ ಬ್ಯಾಟರಿಯಿಲ್ಲದೆ ತಾಮ್ರ ಹೇಗೆ ಬರುತ್ತದೆ? ಕಬ್ಬಿಣದ ಡ್ರಮ್ಮಿನಲ್ಲಿ ಔಷಧಿ ಕಲಸಬಾರದು ಎನ್ನುವುದೂ ಇದೇ ಕಾರಣಕ್ಕೋ?

ಉತ್ತರ: ಇದೇ ಕಾರಣಕ್ಕೆ. ನೀವು ವರ್ಷ ವರ್ಷವೂ ಮಾಡುತ್ತಿರುವ ಕತ್ತಿಯ ಪರೀಕ್ಷೆ ಶುದ್ಧವಾದ ರೆಡಾಕ್ಸ್ ಪ್ರಯೋಗ. ಕಬ್ಬಿಣಕ್ಕೆ ತಾಮ್ರಕ್ಕಿಂತ ಸುಲಭವಾಗಿ ಇಲೆಕ್ಟ್ರಾನ್ ಬಿಟ್ಟುಕೊಡುವ ಗುಣವಿದೆ. ಆದ್ದರಿಂದ ದ್ರಾವಣದಲ್ಲಿ ಬಿಡಿಯಾಗಿ ಓಡಾಡುವ ತಾಮ್ರದ ಅಯಾನು ಸಿಕ್ಕಿದ ಕೂಡಲೇ ಕತ್ತಿಯ ಕಬ್ಬಿಣ ಇಲೆಕ್ಟ್ರಾನುಗಳನ್ನು ಅದಕ್ಕೆ ಕೊಟ್ಟು ತಾನು ಕರಗುತ್ತದೆ, ತಾಮ್ರ ಅಲ್ಲೇ ಕೂರುತ್ತದೆ. ನೀರು ಇಳಿಜಾರಿನಲ್ಲಿ ತಾನೇ ಹರಿದಂತೆ ಇದು ತಾನಾಗಿ ನಡೆಯುವ ಕ್ರಿಯೆ. ಮಗಳ ಪ್ರಯೋಗದಲ್ಲಿ ಇಲೆಕ್ಟ್ರಾನ್ ಕೊಡಬೇಕಾದದ್ದು ನೀರು. ತಾಮ್ರಕ್ಕೆ ಕೊಡಲು ಅದಕ್ಕೆ ಮನಸ್ಸಿಲ್ಲ. ಬಾವಿಯ ನೀರನ್ನು ಪಂಪು ಮೇಲೆತ್ತುವ ಹಾಗೆ ಅಲ್ಲಿ ಬ್ಯಾಟರಿ ತಳ್ಳಬೇಕು. ಇನ್ನೊಂದು ವ್ಯತ್ಯಾಸವೂ ಉಂಟು, ನನ್ನ ಮಟ್ಟಿಗೆ ಅದೇ ಮುಖ್ಯ: ಕತ್ತಿಯ ಮೇಲೆ ಕೊಡುವುದು, ಪಡೆಯುವುದು ಎರಡೂ ಒಂದೇ ಜಾಗದಲ್ಲಿ ಒಟ್ಟೊಟ್ಟಿಗೆ ನಡೆದುಹೋಗುವುದರಿಂದ ಕಬ್ಬಿಣ ಕರಗಿದ್ದು ಕಣ್ಣಿಗೆ ಬೀಳುವುದಿಲ್ಲ, ತಾಮ್ರ ಬಂದದ್ದಷ್ಟೇ ಕಾಣುತ್ತದೆ. ಪೆನ್ಸಿಲುಗಳು ಅದೇ ವ್ಯವಹಾರವನ್ನು ಒಂದು ಸೆಂಟಿಮೀಟರ್ ದೂರ ದೂರ ಎಳೆದು, ಕೊಡುವವನನ್ನು ಬೇರೆ, ಪಡೆಯುವವನನ್ನು ಬೇರೆ ನಿಲ್ಲಿಸಿ ತೋರಿಸುತ್ತವೆ.

ಸುಣ್ಣ ಸಾಕಷ್ಟು ಬಿದ್ದಾಗ ತಾಮ್ರವೆಲ್ಲ ಕರಗದ ನೀಲಿ ಕಣಗಳಾಗಿ ಬಂಧಿತವಾಗಿರುವುದರಿಂದ ಕತ್ತಿ ಬೆಳ್ಳಗೇ ಉಳಿಯುತ್ತದೆ. ಕೆಂಪಾದರೆ ಬಿಡಿ ತಾಮ್ರ ಮಿಕ್ಕಿದೆ, ಅದು ಎಲೆ ಮತ್ತು ಎಳೆಗಾಯಿಯನ್ನು ಸುಡುತ್ತದೆ ಎಂದರ್ಥ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಎಂಬ ಲೆಕ್ಕ ನಿಮಗೆ ಗೊತ್ತೇ ಇದೆ. ಆ 1 ಕೆ.ಜಿ.ಯಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಅದಷ್ಟೂ ಡ್ರಮ್ಮಿನ ಗೋಡೆಗೆ ಅಂಟಬೇಕಾದರೆ ಡ್ರಮ್ಮಿನ 220 ಗ್ರಾಂ ಕಬ್ಬಿಣ ಕರಗಬೇಕು. ಔಷಧಿಯೂ ಹಾಳು, ಡ್ರಮ್ಮೂ ತೂತು. ನಮ್ಮ ಮನೆಯಲ್ಲಿ ನಾನು ಎಂಟು ಒಂಬತ್ತು ವರ್ಷದವನಿದ್ದಾಗ ಮೈಲುತುತ್ತ ನೆನೆಹಾಕಿದ್ದ ಮಣ್ಣಿನ ಬಾನಿಯಲ್ಲಿ ಅಜ್ಜನ ಕುಡುಗೋಲನ್ನು ಇಳಿಬಿಟ್ಟು, ಕಬ್ಬಿಣವನ್ನು ತಾಮ್ರ ಮಾಡಿದೆನೆಂದು ಕೇರಿಯೆಲ್ಲ ತೋರಿಸಿಕೊಂಡು ಬಂದಿದ್ದೆ. ಅಜ್ಜ ಅದನ್ನು ಮಣ್ಣಿಗೆ ಉಜ್ಜಿ ಕೆಂಪು ತೆಗೆದು ಬಾಯಿಗೆ ಬೆರಳು ಸವರಿ ನೋಡಿದರು, ಹರಿತ ಹೋಗಿತ್ತು. ಕಬ್ಬಿಣ ತಾಮ್ರವಾಗಲಿಲ್ಲ, ಕಬ್ಬಿಣ ಹೋಗಿ ಅದರ ಜಾಗಕ್ಕೆ ತಾಮ್ರ ಬಂತು ಎಂಬುದು ಆ ಸಂಜೆಯ ಬೈಗುಳದಲ್ಲೇ ನನಗೆ ತಿಳಿದದ್ದು.

ಅಂದಹಾಗೆ, ಈ ಔಷಧಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳದು. ಅದರ ಗುಣವನ್ನು 1885ರಲ್ಲಿ ಪ್ರಕಟಿಸಿದವರು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ. ನಮ್ಮ ಅಡಿಕೆಯ ಕೊಳೆರೋಗಕ್ಕೆ ಅದನ್ನು ಒಗ್ಗಿಸಿದ ಕೀರ್ತಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರದು.

ಪ್ರಶ್ನೆ: ಭದ್ರಾವತಿಯ ಕಾರ್ಖಾನೆಯಲ್ಲಿ ಅದಿರಿನಿಂದ ಕಬ್ಬಿಣ ತೆಗೆದದ್ದೂ ರೆಡಾಕ್ಸ್ ಕ್ರಿಯೆಯೇ? ಅಲ್ಲಿ ವಿದ್ಯುತ್ ಕುಲುಮೆಗಳಿದ್ದವೆಂದು ತಂದೆಯವರು ಹೇಳುತ್ತಿದ್ದರು. ಹಾಗಾದರೆ ಅದೂ ವಿದ್ಯುದ್ವಿಭಜನೆಯೇ?

ಉತ್ತರ: ರೆಡಾಕ್ಸ್ ಹೌದು, ವಿದ್ಯುದ್ವಿಭಜನೆ ಅಲ್ಲ. 1923ರಲ್ಲಿ ಆರಂಭವಾದ ಆ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ಬರುತ್ತಿತ್ತು, ಮೊದಲಿಗೆ ಅದನ್ನು ಅಪಕರ್ಷಿಸಿದ್ದು ಮಲೆನಾಡಿನ ಕಾಡಿನ ಮರದ ಇದ್ದಿಲು. ಮುಂದೆ ಬಂದ ವಿದ್ಯುತ್ ಕುಲುಮೆಗಳಲ್ಲೂ ವಿದ್ಯುತ್ತಿನ ಕೆಲಸ ಶಾಖ ಕೊಡುವುದಷ್ಟೇ. ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುವ ಕೆಲಸ ಆಗಲೂ ಇಂಗಾಲದ್ದೇ. ಅಲ್ಯುಮಿನಿಯಂ ಮಾತ್ರ ಆಮ್ಲಜನಕವನ್ನು ಇಷ್ಟು ಸುಲಭವಾಗಿ ಬಿಡುವುದಿಲ್ಲ. ಅದನ್ನು 1886ರಲ್ಲಿ ಕಂಡುಹಿಡಿದ ವಿಧಾನದಂತೆ, ಕಾಯಿಸಿ ಕರಗಿಸಿದ ಕ್ರಯೊಲೈಟ್ ಎಂಬ ಖನಿಜದಲ್ಲಿ ನಿಜವಾದ ವಿದ್ಯುದ್ವಿಭಜನೆಯಿಂದಲೇ ತೆಗೆಯಬೇಕು.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮ ಮಗ ಉಪ್ಪುನೀರಿನಲ್ಲಿ ಎರಡು ಸ್ಟೀಲ್ ಚಮಚ ಇಟ್ಟು, ಹಳೆಯ ಮೊಬೈಲ್ ಚಾರ್ಜರಿನ ತಂತಿ ಕತ್ತರಿಸಿ ಜೋಡಿಸಿದ. ನೀರು ಹಳದಿ ಹಸಿರಾಗಿ ಕಂದು ಬಗ್ಗಡ ಕೂತಿದೆ, ಒಂದು ಚಮಚದ ಹೊಳಪು ಹೋಗಿ ಮೈಯೆಲ್ಲ ಚುಕ್ಕಿ ಚುಕ್ಕಿಯಾಗಿ ತಿಂದುಹೋಗಿದೆ. ಇದು ಅಪಾಯವೇ? ಅಡುಗೆಮನೆಯ ವಸ್ತುಗಳಲ್ಲೇ ಮಾಡಬಹುದಾದ ಬೇರೆ ಪ್ರಯೋಗವಿದೆಯೇ?

ಉತ್ತರ: ಅಪಾಯವೇ, ದಯವಿಟ್ಟು ಮುಂದುವರಿಸಬೇಡಿ. ಧನ ತುದಿಗೆ ಸೇರಿದ ಚಮಚವೇ ಆನೋಡ್ ಆಗಿ ಕರಗಿದೆ. ತುಕ್ಕು ಹಿಡಿಯದ ಸ್ಟೀಲಿನಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ ಇರುತ್ತದೆ, ಅನೇಕ ಬಗೆಗಳಲ್ಲಿ ನಿಕ್ಕಲ್ ಕೂಡ; ಕಂದು ಬಗ್ಗಡ ಕಬ್ಬಿಣದ್ದು, ಹಳದಿಯಲ್ಲಿ ಕ್ರೋಮಿಯಂ ತನ್ನ ಅತಿ ವಿಷಕಾರಿ ಉತ್ಕರ್ಷಿತ ರೂಪದಲ್ಲಿ ಇರುವ ಸಾಧ್ಯತೆಯಿದೆ. ಆ ನೀರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗಿಡಕ್ಕೋ ಬಾವಿಕಟ್ಟೆಗೋ ಚೆಲ್ಲಬೇಡಿ, ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟು ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯವರನ್ನು ಕೇಳಿ. ಆ ಚಮಚಗಳು ಮತ್ತೆ ಊಟಕ್ಕೆ ಬೇಡ. ಗೋಡೆಯ ಪ್ಲಗ್ಗಿಗೆ ಸೇರಿದ ಯಾವುದೇ ಉಪಕರಣ, ಇನ್ವರ್ಟರ್ ಬ್ಯಾಟರಿ, ಬೈಕಿನ ಬ್ಯಾಟರಿ, ಇವು ಯಾವುವೂ ಮಕ್ಕಳ ವಿದ್ಯುದ್ವಿಭಜನೆಗೆ ಸಲ್ಲವು.

ಇದರ ಬದಲು ಹೀಗೆ ಮಾಡಿಸಿ. ಒಂದು ಬಟ್ಟಲು ನೀರಿಗೆ ಒಂದು ಚಮಚ ಉಪ್ಪು, ಚಿಟಿಕೆ ಅರಿಸಿನ ಹಾಕಿ ಕದಡಿ, ಹೀರುವ ಕಾಗದವನ್ನು ಅದರಲ್ಲಿ ನೆನೆಸಿ, ಪ್ಲಾಸ್ಟಿಕ್ ತಟ್ಟೆಯ ಮೇಲೆ ಹಾಸಿ. ಇಲ್ಲಿ ಒದ್ದೆ ಕಾಗದದ ರೋಧ ಹೆಚ್ಚಿರುವುದರಿಂದ 9 ವೋಲ್ಟಿನ ಸಣ್ಣ ಬ್ಯಾಟರಿಯೇ ಬೇಕು. ಎರಡೂ ಕಡೆ ಕೆತ್ತಿದ ಪೆನ್ಸಿಲೊಂದನ್ನು ಧನ ತುದಿಗೆ ಜೋಡಿಸಿ ಕಾಗದಕ್ಕೆ ಒತ್ತಿಟ್ಟುಕೊಂಡು, ಋಣ ತುದಿಗೆ ಜೋಡಿಸಿದ ಇನ್ನೊಂದರಿಂದ ಎರಡು ಮೂರು ಬೆರಳಿನಷ್ಟು ದೂರದಲ್ಲಿ ನಿಧಾನವಾಗಿ ಬರೆಯಲು ಮಗನಿಗೆ ಹೇಳಿ. ಹಳದಿ ಕಾಗದದ ಮೇಲೆ ಕುಂಕುಮದ ಬಣ್ಣದ ಅಕ್ಷರ ಮೂಡುತ್ತದೆ. ಬರೆಯುವ ಮೊನೆಯಲ್ಲಿ ನೀರು ಇಲೆಕ್ಟ್ರಾನ್ ಪಡೆದು ಹೈಡ್ರೋಜನ್ ಬಿಡುತ್ತದೆ, ಉಳಿದ ಕ್ಷಾರ ಅರಿಸಿನವನ್ನು ಕೆಂಪಾಗಿಸುತ್ತದೆ. ಸುಣ್ಣ ಸೇರಿಸಿದ ಅರಿಸಿನ ಕುಂಕುಮವಾಗುವಂತೆಯೇ. ಒತ್ತಿಟ್ಟ ಮೊನೆಯ ಕೆಳಗೆ ಉಪ್ಪಿನ ಕ್ಲೋರೈಡ್ ಇಲೆಕ್ಟ್ರಾನ್ ಕೊಟ್ಟು ಚೂರೇಚೂರು ಕ್ಲೋರಿನ್ ಆಗುತ್ತದೆ. ಅಲ್ಲಿ ಅರಿಸಿನದ ಬಣ್ಣ ಬಿಳಿಚಿಕೊಳ್ಳುತ್ತದೆ, ಮೂಗಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಬಂದೀತು. ಕಿಟಕಿ ತೆರೆದಿರಲಿ, ಎರಡು ನಿಮಿಷಕ್ಕಿಂತ ಹೆಚ್ಚು ಬೇಡ.

ಕೊನೆಗೆ ಎರಡೂ ಗುರುತಿನ ಮೇಲೆ ಒಂದೊಂದು ಹನಿ ನಿಂಬೆರಸ ಬಿಡಿಸಿ. ಕೆಂಪಕ್ಷರ ಮತ್ತೆ ಹಳದಿಯಾಗುತ್ತದೆ, ಏಕೆಂದರೆ ಅರಿಸಿನ ಅಲ್ಲಿ ಕ್ಷಾರಕ್ಕೆ ಬಣ್ಣ ಬದಲಿಸಿತ್ತೇ ಹೊರತು ತಾನು ಇಲೆಕ್ಟ್ರಾನ್ ಕೊಟ್ಟಿರಲಿಲ್ಲ, ಪಡೆದಿರಲಿಲ್ಲ. ಬಿಳಿಚಿದ ಚುಕ್ಕೆ ಮಾತ್ರ ಬಿಳಿಚಿಯೇ ಉಳಿಯುತ್ತದೆ. ಅಲ್ಲಿನ ಅರಿಸಿನ ಕ್ಲೋರಿನ್ನಿನಿಂದ ಉತ್ಕರ್ಷಣೆಗೊಂಡು ಬೇರೆಯೇ ವಸ್ತುವಾಗಿಹೋಗಿರುತ್ತದೆ.